ಡಾ. ಕೆ. ಟಿ. ಅಚ್ಚಯ್ಯ (1923–2002): ಎಣ್ಣೆ ಮತ್ತು ಕೊಬ್ಬುಗಳ ರಸಾಯನ ವಿಜ್ಞಾನಿಯ ಜೀವನ ಪರಿಚಯ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ರಾಜ್ಯದ ಪ್ರಮುಖ ತೆಂಗು ಬೆಳೆಯುವ ಪ್ರದೇಶಗಳಾಗಿರುತ್ತವೆ. ಇಲ್ಲಿನ ಉಂಡೆ ಕೊಬ್ಬರಿಯು ದೇಶದ ಉತ್ತರ ಭಾಗದ ಮಾರುಕಟ್ಟೆಗಳಿಗೆ ರವಾನೆಯಾಗುತ್ತದೆ. ಉಂಡೆಗೆ ಸಲ್ಲದ ಕೊಬ್ಬರಿ ಹಾಗೂ ಒಡೆದ ಹೋಳುಗಳು ಗಾಣ ಮತ್ತು ಗಿರಣಿಗಳಿಗೆ ಹೋಗಿ ಎಣ್ಣೆಯಾಗುತ್ತವೆ. ಕೊಬ್ಬರಿ ಎಣ್ಣೆಯ ಸಣ್ಣ ಘಟಕವನ್ನು ಸ್ಥಾಪಿಸುವ ರೈತರು, ಸ್ತ್ರೀಶಕ್ತಿ ಸಂಘಗಳು ಮತ್ತು ಯುವ ಉದ್ಯಮಿಗಳು ತಮ್ಮ ಎಣ್ಣೆಯ ಮಾದರಿಯನ್ನು ಪರೀಕ್ಷೆಗೆ ಕಳುಹಿಸಿದಾಗ, ಪ್ರಯೋಗಾಲಯದ ವರದಿಯಲ್ಲಿ ಅಯೋಡಿನ್ ಮೌಲ್ಯ, ಸಾಬೂನೀಕರಣ ಮೌಲ್ಯ, ಆಮ್ಲ ಮೌಲ್ಯ ಎಂಬ ಶೀರ್ಷಿಕೆಗಳ ಎದುರು ಕೆಲವು ಅಂಕಿಗಳು ಮುದ್ರಿತವಾಗಿರುತ್ತವೆ. ಈ ಅಂಕಿಗಳ ಆಧಾರದ ಮೇಲೆಯೇ ಎಣ್ಣೆ ಶುದ್ಧವೋ ಕಲಬೆರಕೆಯೋ ಎಂಬ ತೀರ್ಮಾನವಾಗುತ್ತದೆ. ವರದಿಯನ್ನು ಪಡೆದವರಲ್ಲಿ ಹೆಚ್ಚಿನವರು ಅದನ್ನು ಕಡತಕ್ಕೆ ಸೇರಿಸುವುದಲ್ಲದೆ ಓದುವ ಗೋಜಿಗೆ ಹೋಗುವುದಿಲ್ಲ.

ಇಂತಹ ಅಂಕಿಗಳ ಹಿಂದಿರುವ ವಿಜ್ಞಾನಕ್ಕೆ, ಅಂದರೆ ಆಹಾರ ಪದಾರ್ಥಗಳಲ್ಲಿರುವ ಕೊಬ್ಬಿನಾಮ್ಲಗಳ ವಿಶ್ಲೇಷಣೆಗೆ, ವೃತ್ತಿಜೀವನದ ಬಹುಭಾಗವನ್ನು ಮೀಸಲಿಟ್ಟ ಕನ್ನಡ ನಾಡಿನ ವಿಜ್ಞಾನಿ ಡಾ. ಕೊಂಗಂಡ ತಮ್ಮು ಅಚ್ಚಯ್ಯ ಅವರ ಜೀವನ ಮತ್ತು ಕಾರ್ಯದ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ. ಭಾರತದ ಆಹಾರದ ಇತಿಹಾಸಕಾರರೆಂದು ಅವರ ಹೆಸರು ಇಂದು ವಿಶ್ವದ ಓದುಗರಿಗೆ ಪರಿಚಿತ. ಆದರೆ ಅವರು ಮೂಲತಃ ಎಣ್ಣೆಯ ರಸಾಯನ ವಿಜ್ಞಾನಿ ಎಂಬುದು ಅಷ್ಟಾಗಿ ತಿಳಿದಿಲ್ಲ.

ಜನನ ಮತ್ತು ವಿದ್ಯಾಭ್ಯಾಸ

ಅಚ್ಚಯ್ಯನವರು 1923ರ ಅಕ್ಟೋಬರ್ 6ರಂದು ಕೊಳ್ಳೇಗಾಲದಲ್ಲಿ ಜನಿಸಿದರು. ಕೊಳ್ಳೇಗಾಲವು ಆಗ ಮೈಸೂರು ಸಂಸ್ಥಾನಕ್ಕೆ ಸೇರಿರದೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅದು ಮೈಸೂರು ರಾಜ್ಯಕ್ಕೆ ಸೇರಿತು. ಅವರ ಮನೆತನ ಕೊಡಗಿನದು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ರಸಾಯನ ಶಾಸ್ತ್ರದ ಪದವಿ ಪಡೆದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆಯ ಮೊದಲ ಪಾಠಗಳನ್ನು ಕಲಿತರು. ಬಳಿಕ ಉನ್ನತ ವ್ಯಾಸಂಗಕ್ಕಾಗಿ ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯವನ್ನು ಸೇರಿ, 1949ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು.

ಲಿವರ್‌ಪೂಲನ್ನು ಆರಿಸಿಕೊಂಡದ್ದು ಆಕಸ್ಮಿಕವಲ್ಲ. ಕೊಬ್ಬುಗಳ ರಸಾಯನ ಶಾಸ್ತ್ರವನ್ನು ಕಲಿಯಬಯಸುವವರಿಗೆ ಆ ಕಾಲದಲ್ಲಿ ಅದಕ್ಕಿಂತ ದೊಡ್ಡ ಗುರುಕುಲವಿರಲಿಲ್ಲ. ಅಲ್ಲಿ ಕೈಗಾರಿಕಾ ರಸಾಯನ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಥಾಮಸ್ ಪರ್ಸಿ ಹಿಲ್ಡಿಚ್ ಅವರು (1886–1965) ಬೀಜದ ಎಣ್ಣೆ, ಮೀನೆಣ್ಣೆ, ಪ್ರಾಣಿಗಳ ಒಡಲಿನ ಕೊಬ್ಬು, ಹಾಲಿನ ಕೊಬ್ಬು ಹೀಗೆ ನಿಸರ್ಗದಲ್ಲಿ ದೊರೆಯುವ ನೂರಾರು ಕೊಬ್ಬುಗಳನ್ನು ಒಂದೊಂದಾಗಿ ಬಿಡಿಸಿ, ಅವುಗಳಲ್ಲಿ ಯಾವ ಆಮ್ಲ ಎಷ್ಟೆಷ್ಟು ಇದೆ ಎಂದು ಅಳೆಸಿದ್ದರು. ಆ ಫಲಿತಾಂಶಗಳನ್ನು ಕ್ರೋಡೀಕರಿಸಿದ ಅವರ ಗ್ರಂಥ 1940ರಲ್ಲಿ ಪ್ರಕಟವಾಗಿ, ಮುಂದಿನ ಆವೃತ್ತಿಗಳಲ್ಲಿ ಬೆಳೆಯುತ್ತಾ ಹೋಯಿತು.

ಕೊಬ್ಬನ್ನು ಬಿಡಿಸುವ ಬಗೆ

ಯಾವುದೇ ಎಣ್ಣೆ ಅಥವಾ ಕೊಬ್ಬಿನ ಅಣುವಿನಲ್ಲಿ ಗ್ಲಿಸರಿನ್ ಎಂಬ ಬೆನ್ನೆಲುಬಿಗೆ ಮೂರು ಕೊಬ್ಬಿನಾಮ್ಲಗಳು ಅಂಟಿಕೊಂಡಿರುತ್ತವೆ. ಆಮ್ಲದ ಸರಪಳಿಯ ಉದ್ದ ಮತ್ತು ಅದರಲ್ಲಿರುವ ಜೋಡಿಬಂಧಗಳ ಸಂಖ್ಯೆಯನ್ನು ಅನುಸರಿಸಿ ಎಣ್ಣೆಯ ಗುಣ ಬದಲಾಗುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಅರ್ಧದಷ್ಟು ಭಾಗ 12 ಇಂಗಾಲದ ಲಾರಿಕ್ ಆಮ್ಲವೇ ಆಗಿರುತ್ತದೆ. ನಂತರದ ಸ್ಥಾನ 14 ಇಂಗಾಲದ ಮಿರಿಸ್ಟಿಕ್ ಆಮ್ಲದ್ದು, ಸುಮಾರು ಶೇ. 18. ಇವುಗಳಿಗಿಂತ ಗಿಡ್ಡನೆಯ ಕ್ಯಾಪ್ರಿಲಿಕ್ ಮತ್ತು ಕ್ಯಾಪ್ರಿಕ್ ಆಮ್ಲಗಳು ಸೇರಿ ಸುಮಾರು ಶೇ. 14ರಷ್ಟಿರುತ್ತವೆ. ಜೋಡಿಬಂಧವುಳ್ಳ ಓಲಿಯಿಕ್ ಆಮ್ಲ ಶೇ. 6ರ ಆಸುಪಾಸಿನಲ್ಲಿ, ದೇಹಕ್ಕೆ ಅತ್ಯಗತ್ಯವೆನಿಸಿದ ಲಿನೋಲಿಯಿಕ್ ಆಮ್ಲ ಶೇ. 2ರ ಆಸುಪಾಸಿನಲ್ಲಿ ಮಾತ್ರ. ಚಳಿಗಾಲದ ಬೆಳಗಿನಲ್ಲಿ ತಿಪಟೂರಿನ ಮನೆಗಳ ಎಣ್ಣೆ ಶೀಶೆ ಬೆಳ್ಳಗೆ ಹೆಪ್ಪುಗಟ್ಟುವುದಕ್ಕೂ ಬಿಸಿಲೇರಿದೊಡನೆ ಕರಗುವುದಕ್ಕೂ ಈ ಲೆಕ್ಕವೇ ಕಾರಣವಾಗಿರುತ್ತದೆ.

ಇಂದು ಈ ಅಂಕಿಗಳನ್ನು ಒಂದು ಗಂಟೆಯೊಳಗೆ ಪಡೆಯಬಹುದು. ಅಚ್ಚಯ್ಯನವರು ವಿದ್ಯಾರ್ಥಿಯಾಗಿದ್ದಾಗ ಒಂದು ಮಾದರಿಗೆ ವಾರಗಳೇ ಬೇಕಾಗುತ್ತಿದ್ದವು. ನೂರಾರು ಗ್ರಾಂ ಕೊಬ್ಬನ್ನು ಕ್ಷಾರದೊಡನೆ ಕುದಿಸಿ ಸಾಬೂನಾಗಿಸಿ, ಆಮ್ಲಗಳನ್ನು ಬೇರ್ಪಡಿಸಿ, ಸೀಸದ ಲವಣಗಳ ಮೂಲಕವೋ ಅತಿ ಶೀತಲ ದ್ರಾವಣದಲ್ಲಿ ಹರಳುಗಟ್ಟಿಸಿಯೋ ಗಟ್ಟಿ ಮತ್ತು ದ್ರವ ಗುಂಪುಗಳಾಗಿ ವಿಭಾಗಿಸಲಾಗುತ್ತಿತ್ತು. ಅನಂತರ ಅವುಗಳನ್ನು ಮೀಥೈಲ್ ಎಸ್ಟರುಗಳಾಗಿ ಪರಿವರ್ತಿಸಿ, ವಿದ್ಯುತ್ತಿನಿಂದ ಬಿಸಿಮಾಡಿದ ಎತ್ತರದ ಗಾಜಿನ ಸ್ತಂಭದಲ್ಲಿ, ನಿರ್ವಾತದಲ್ಲಿ, ಹನಿಹನಿಯಾಗಿ ಬಟ್ಟಿ ಇಳಿಸಬೇಕಾಗಿತ್ತು. ಇಳಿದ ಪ್ರತಿಯೊಂದು ಭಾಗದ ಅಯೋಡಿನ್ ಮೌಲ್ಯವನ್ನೂ ಸಾಬೂನೀಕರಣದ ಲೆಕ್ಕವನ್ನೂ ಅಳೆದು, ಸಮೀಕರಣಗಳನ್ನು ಬಿಡಿಸಿ, ಕಡೆಗೆ ಒಂದು ಕೋಷ್ಟಕ ತಯಾರಾಗುತ್ತಿತ್ತು. ಎಲ್ಲಿಯಾದರೂ ಒಂದು ಭಾಗ ಆವಿಯಾಗಿ ತಪ್ಪಿಹೋದರೆ ಮೊದಲಿನಿಂದ ಆರಂಭಿಸುವುದೇ ಮಾರ್ಗ. ಹಾಲಿನ ಕೊಬ್ಬಿನಲ್ಲಿ ಈ ಅಪಾಯ ಹೆಚ್ಚು. ಏಕೆಂದರೆ ಅದರಲ್ಲಿರುವ 4 ಇಂಗಾಲದ ಬ್ಯುಟಿರಿಕ್ ಆಮ್ಲ ಬಹಳ ಸುಲಭವಾಗಿ ಆವಿಯಾಗುವಂತಹುದು.

ಅಚ್ಚಯ್ಯನವರು ಕೈಗೆತ್ತಿಕೊಂಡದ್ದು ಇದೇ ಕಷ್ಟದ ಪದಾರ್ಥವನ್ನು. ಹಸು ಮತ್ತು ಎಮ್ಮೆಯ ಹಾಲಿನ ಕೊಬ್ಬುಗಳ ರಚನೆಯ ಬಗ್ಗೆ ಅವರು ಹಿಲ್ಡಿಚ್ ಅವರೊಡನೆ ಬರೆದ ಪ್ರಬಂಧ 1950ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಕಾಲದ ವಿಶ್ಲೇಷಣೆಗಳು ಹೆಚ್ಚಾಗಿ ಯುರೋಪಿನ ಹಸುವನ್ನು ಆಧರಿಸಿದ್ದವು. ಭಾರತದ ಬೆಣ್ಣೆ ಮತ್ತು ತುಪ್ಪ ಬಹುಪಾಲು ಎಮ್ಮೆಯಿಂದ ಬರುತ್ತಿದ್ದವು.

ಈ ವ್ಯತ್ಯಾಸ ಕೇವಲ ಪಾಂಡಿತ್ಯದ ವಿಷಯವಾಗಿರಲಿಲ್ಲ. ತುಪ್ಪದ ಶುದ್ಧತೆಯನ್ನು ಆಗ ರೈಕರ್ಟ್ ಮೌಲ್ಯ ಎಂಬ ಅಂಕಿಯಿಂದ ಅಳೆಯಲಾಗುತ್ತಿತ್ತು. ಅದು ಬ್ಯುಟಿರಿಕ್‌ನಂತಹ ಗಿಡ್ಡ ಆಮ್ಲಗಳ ಪ್ರಮಾಣದ ಸೂಚಕ. ವನಸ್ಪತಿ ಬೆರೆಸಿದರೆ ಆ ಅಂಕಿ ಇಳಿಯುತ್ತದೆ. ಆದರೆ ಹತ್ತಿಬೀಜ ತಿಂದ ಎಮ್ಮೆಯ ಅಪ್ಪಟ ತುಪ್ಪದಲ್ಲಿಯೂ ಅದು ಇಳಿಯುತ್ತದೆ. ಒಂದೇ ಮಿತಿಯನ್ನು ಇಡೀ ದೇಶಕ್ಕೆ ಅನ್ವಯಿಸಿದ್ದರೆ ಹತ್ತಿ ಬೆಳೆಯುವ ಸೀಮೆಯ ಪ್ರಾಮಾಣಿಕ ರೈತನೂ ಕಲಬೆರಕೆಯ ಆರೋಪಕ್ಕೆ ಗುರಿಯಾಗುತ್ತಿದ್ದನು. ಆದುದರಿಂದಲೇ ಆಹಾರ ಕಲಬೆರಕೆ ತಡೆ ನಿಯಮಗಳಲ್ಲಿ ಹತ್ತಿ ಪ್ರದೇಶಗಳ ತುಪ್ಪಕ್ಕೆ ಕನಿಷ್ಠ 21 ಎಂದೂ, ಬೇರೆ ಕೆಲವು ಪ್ರದೇಶಗಳಿಗೆ 28ರವರೆಗೂ ಪ್ರತ್ಯೇಕ ಮಿತಿಗಳನ್ನು ನಿಗದಿಪಡಿಸಲಾಗಿತ್ತು. ಪ್ರಾಣಿಯ ಮೇವು, ತಳಿ ಮತ್ತು ಸೀಮೆಗಳನ್ನು ಅರಿಯದೆ ಪ್ರಯೋಗಾಲಯದ ಅಂಕಿಯನ್ನು ಓದಲಾಗದು ಎಂಬುದು ಈ ಕ್ಷೇತ್ರದ ಮೊದಲ ಪಾಠ.

ಇಲ್ಲಿ ಒಂದು ವಿಷಯವನ್ನು ಉಲ್ಲೇಖಿಸುವುದು ಸೂಕ್ತ. ಕೊಬ್ಬಿನಾಮ್ಲಗಳು ಗ್ಲಿಸರಿನ್ನಿನ ಮೇಲೆ ಸಾಧ್ಯವಾದಷ್ಟು ಸಮನಾಗಿ ಹಂಚಿಹೋಗಿರುತ್ತವೆ ಎಂಬ ಹಿಲ್ಡಿಚ್ ಅವರ ಸಿದ್ಧಾಂತ ಪೂರ್ಣವಾಗಿ ನಿಲ್ಲಲಿಲ್ಲ. 1950ರ ದಶಕದ ಮಧ್ಯಭಾಗದಲ್ಲಿ ಕಿಣ್ವಗಳ ಸಹಾಯದಿಂದ ನಡೆದ ಪ್ರಯೋಗಗಳು, ಅಣುವಿನ ನಡುವಿನ ಸ್ಥಾನಕ್ಕೆ ಹೋಗುವ ಆಮ್ಲಗಳು ಬೇರೆ, ಎರಡು ತುದಿಗಳಿಗೆ ಹೋಗುವ ಆಮ್ಲಗಳು ಬೇರೆ ಎಂದು ತೋರಿಸಿದವು. 1952ರಲ್ಲಿ ಲಂಡನ್ನಿನಲ್ಲಿ ಜೇಮ್ಸ್ ಮತ್ತು ಮಾರ್ಟಿನ್ ಎಂಬ ವಿಜ್ಞಾನಿಗಳು ಅನಿಲ ಕ್ರೊಮ್ಯಾಟೊಗ್ರಫಿಯನ್ನು ಬಳಕೆಗೆ ತಂದರು. ಅವರು ಅದರಿಂದ ಮೊದಲು ಬೇರ್ಪಡಿಸಿ ತೋರಿಸಿದ್ದು ಕೊಬ್ಬಿನಾಮ್ಲಗಳನ್ನೇ. ಎತ್ತರದ ಸ್ತಂಭಗಳ ಕಾಲ ಹತ್ತು ಹದಿನೈದು ವರ್ಷಗಳಲ್ಲಿ ಮುಗಿಯಿತು. ಆದರೆ ಸ್ತಂಭದ ಮುಂದೆ ಕಾದು ಕುಳಿತವರು ಕೊಟ್ಟ ಆಮ್ಲಗಳ ಪ್ರಮಾಣಗಳು ಹೊಸ ಯಂತ್ರದ ಎದುರಿನಲ್ಲಿಯೂ ಬಹುಮಟ್ಟಿಗೆ ಸರಿಯಾಗಿಯೇ ಉಳಿದವು.

ಹೈದರಾಬಾದ್, ಮುಂಬಯಿ ಮತ್ತು ಮೈಸೂರು

ಸ್ವದೇಶಕ್ಕೆ ಮರಳಿದ ಅಚ್ಚಯ್ಯನವರು ಹೈದರಾಬಾದಿನ ಪ್ರಯೋಗಾಲಯವನ್ನು ಸೇರಿ ಸುಮಾರು ಎರಡು ದಶಕಗಳ ಕಾಲ ಅಲ್ಲಿ ಸೇವೆ ಸಲ್ಲಿಸಿದರು. ನಿಜಾಮರ ಸಂಸ್ಥಾನದ ಕಾಲದಲ್ಲಿ ಆರಂಭವಾದ ಈ ಸಂಸ್ಥೆಯು ಮುಂದೆ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ ಅಡಿಯಲ್ಲಿ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯವಾಯಿತು. ಅಲ್ಲಿ ಅವರು ಮುಖ್ಯವಾಗಿ ಹರಳೆಣ್ಣೆ ಮತ್ತು ಹತ್ತಿಬೀಜಗಳ ಮೇಲೆ ಕೆಲಸ ಮಾಡಿದರು. ಹರಳೆಣ್ಣೆಯ ಸುಮಾರು ಶೇ. 90ರಷ್ಟು ಭಾಗ ರಿಸಿನೋಲಿಯಿಕ್ ಎಂಬ ಒಂದೇ ಆಮ್ಲವಾಗಿರುತ್ತದೆ. ಈ ಆಮ್ಲದಲ್ಲಿ ಹೆಚ್ಚುವರಿಯಾಗಿ ಒಂದು ಹೈಡ್ರಾಕ್ಸಿಲ್ ಗುಂಪು ಇರುವುದರಿಂದ ಬಣ್ಣ, ಪ್ಲಾಸ್ಟಿಕ್, ನೈಲಾನ್ ಮುಂತಾದ ಹಲವು ಉತ್ಪನ್ನಗಳಿಗೆ ಅದು ದಾರಿ ತೆರೆಯುತ್ತದೆ. ಹೊಲದ ಬದುಗಳಲ್ಲಿ ಬೆಳೆದು, ದೀಪಕ್ಕೂ ತಲೆಗೂ ಬಳಕೆಯಾಗುತ್ತಿದ್ದ ಎಣ್ಣೆಯು ಕೈಗಾರಿಕೆಯ ಕಚ್ಚಾವಸ್ತುವಾದ ಬಗೆಯನ್ನು ಅವರು 1971ರಲ್ಲಿ ಅಮೆರಿಕದ ಎಣ್ಣೆ ರಸಾಯನ ವಿಜ್ಞಾನಿಗಳ ಸಂಘದ ಪತ್ರಿಕೆಯಲ್ಲಿ ವಿಮರ್ಶಿಸಿದರು. ಆ ಲೇಖನವನ್ನು ಸಂಶೋಧಕರು ಇಂದಿಗೂ ಉಲ್ಲೇಖಿಸುತ್ತಾರೆ.

ಅದೇ 1971ರಲ್ಲಿ ಅವರು ಮುಂಬಯಿಯ ಭಾರತೀಯ ಪ್ರೋಟೀನ್ ಆಹಾರ ಮತ್ತು ಪೌಷ್ಟಿಕತೆ ಅಭಿವೃದ್ಧಿ ಸಂಘದ ಕಾರ್ಯನಿರ್ವಾಹಕ ನಿರ್ದೇಶಕರಾದರು. 1977ರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಗೆ, ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ಕಾರ್ಯಕ್ರಮದ ಸಲಹೆಗಾರರಾಗಿ ಬಂದರು. ಅಭಿವೃದ್ಧಿಶೀಲ ದೇಶಗಳ ಆಹಾರ ತಜ್ಞರಿಗೆ ತರಬೇತಿ ನೀಡುವುದು ಆ ಕಾರ್ಯಕ್ರಮದ ಉದ್ದೇಶವಾಗಿತ್ತು. 1983ರಲ್ಲಿ ನಿವೃತ್ತರಾಗಿ ಬೆಂಗಳೂರಿನಲ್ಲಿ ನೆಲೆಸಿದರು.

ಈ ಅವಧಿಯಲ್ಲಿ ಅವರ ಆಸಕ್ತಿ ಎಣ್ಣೆಯ ಶೀಶೆಯಿಂದ ಊಟದ ತಟ್ಟೆಯ ಕಡೆಗೆ ತಿರುಗಿತು. 1980ರ ದಶಕದಲ್ಲಿ ಭಾರತೀಯರ ಆಹಾರದಲ್ಲಿರುವ ಕೊಬ್ಬಿನ ಸ್ಥಿತಿಯನ್ನು ಕುರಿತು ಬರೆಯುವಾಗ, ಬಾಣಲೆಗೆ ಹಾಕುವ ಎಣ್ಣೆಯ ಜೊತೆಗೆ, ಧಾನ್ಯ ಮತ್ತು ಬೇಳೆಗಳಲ್ಲಿ ಕಣ್ಣಿಗೆ ಕಾಣದಂತೆ ಅಡಗಿರುವ ಕೊಬ್ಬನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದು ಅವರ ವಾದವಾಗಿತ್ತು. ತೆಂಗಿನ ಸೀಮೆಗೆ ಈ ವಿಚಾರ ವಿಶೇಷವಾಗಿ ಅನ್ವಯಿಸುತ್ತದೆ. ಕೊಬ್ಬರಿ ಎಣ್ಣೆಯ ಶೇ. 90ರಷ್ಟು ಭಾಗ ಪರ್ಯಾಪ್ತ ಕೊಬ್ಬು. ಅದರಲ್ಲಿ ಲಿನೋಲಿಯಿಕ್ ಆಮ್ಲ ಅತ್ಯಲ್ಪ. ಆದರೆ ರಾಗಿಯ ತೂಕದಲ್ಲಿ ಶೇ. 1ಕ್ಕಿಂತ ಸ್ವಲ್ಪ ಹೆಚ್ಚಿನ ಕೊಬ್ಬಿದೆ. ದಿನಕ್ಕೆ 400 ಗ್ರಾಂ ರಾಗಿ ಉಣ್ಣುವವರಿಗೆ ಹೆಚ್ಚುಕಡಿಮೆ 5 ಗ್ರಾಂ ಕೊಬ್ಬು ಮುದ್ದೆಯಿಂದಲೇ ದೊರೆಯುತ್ತದೆ. ಅವರೆ, ಹುರುಳಿಗಳಿಂದಲೂ ಸ್ವಲ್ಪ ಸೇರುತ್ತದೆ. ಹುಚ್ಚೆಳ್ಳಿನ ಎಣ್ಣೆಯಲ್ಲಂತೂ ಹೆಚ್ಚಿನ ಭಾಗ ಲಿನೋಲಿಯಿಕ್ ಆಮ್ಲವೇ ಇರುತ್ತದೆ. ಮುದ್ದೆಯ ಪಕ್ಕದಲ್ಲಿ ಹುಚ್ಚೆಳ್ಳು ಚಟ್ನಿಯನ್ನು ಇಟ್ಟ ಹಿಂದಿನವರು ಯಾವ ಕೋಷ್ಟಕವನ್ನೂ ನೋಡಿರಲಿಲ್ಲ. ಹುಚ್ಚೆಳ್ಳಿನ ಬಿತ್ತನೆ ಕಡಿಮೆಯಾದಂತೆ ಆ ಚಟ್ನಿಯೂ ತಟ್ಟೆಯಿಂದ ಮರೆಯಾಗುತ್ತಿರುವುದು ಚಿಂತಿಸತಕ್ಕ ವಿಷಯ.

ಗಾಣದ ಇತಿಹಾಸ

ನಿವೃತ್ತಿಯ ನಂತರದ ವರ್ಷಗಳು ಅವರ ಬದುಕಿನ ಅತ್ಯಂತ ಫಲವತ್ತಾದ ಕಾಲವೆನಿಸಿದವು. ಭಾರತದ ಎಣ್ಣೆಬೀಜ ಮತ್ತು ಎಣ್ಣೆ ತೆಗೆಯುವ ಕಸುಬಿನ ಸಾಂಸ್ಕೃತಿಕ ಇತಿಹಾಸವನ್ನು ಕುರಿತ ಗ್ರಂಥ 1990ರಲ್ಲಿಯೂ, ಕೇವಲ ಗಾಣವನ್ನೇ ಕುರಿತ ಗ್ರಂಥ 1993ರಲ್ಲಿಯೂ ಹೊರಬಂದವು. ಬದುಕಿನುದ್ದಕ್ಕೂ ಎಣ್ಣೆಯ ಅಣುವನ್ನು ಬಿಡಿಸಿದವರು ಕಡೆಗೆ ಎಣ್ಣೆ ತೆಗೆಯುವ ಒರಳು, ಒನಕೆ ಮತ್ತು ಎತ್ತುಗಳ ಕಡೆಗೆ ನೋಡಿದರು. ದೇಶದ ಗಾಣಗಳಲ್ಲಿ ಒರಳಿನ ತಳದಲ್ಲಿ ಎಣ್ಣೆ ಹರಿಯಲು ರಂಧ್ರವಿರುವುದು ಒಂದು ಬಗೆ, ರಂಧ್ರವಿಲ್ಲದೆ ಬಟ್ಟೆಯಿಂದ ಅದ್ದಿ ಹಿಂಡಿ ತೆಗೆಯುವುದು ಇನ್ನೊಂದು ಬಗೆ. ಕೆಲವು ಒರಳು ಮರದ್ದು, ಕೆಲವು ಕಲ್ಲಿನದು. ಎಲ್ಲಿ ಒಂದೆತ್ತು, ಎಲ್ಲಿ ಜೋಡೆತ್ತು, ಅರೆಯುವಾಗ ನೀರು ಚಿಮುಕಿಸುವುದು ಏಕೆ, ಗಾಂಧೀಜಿಯವರ ಪ್ರೇರಣೆಯಿಂದ ವಾರ್ಧಾದಲ್ಲಿ ಸುಧಾರಿತ ಗಾಣ ರೂಪುಗೊಂಡದ್ದು ಹೇಗೆ ಎಂಬುದನ್ನೆಲ್ಲ ಅವರು ದಾಖಲಿಸಿದರು. ಕರ್ನಾಟಕದ ಶಾಸನಗಳಲ್ಲಿ ಗಾಣದ ಮೇಲಿನ ತೆರಿಗೆ, ದೇವಾಲಯದ ನಂದಾದೀಪಕ್ಕೆ ಗಾಣದಿಂದ ಸಲ್ಲಬೇಕಾದ ಎಣ್ಣೆ ಇವುಗಳ ಉಲ್ಲೇಖ ಹೇರಳವಾಗಿರುವುದರಿಂದ, ಈ ನಾಡಿಗೆ ಆ ವಿಷಯ ಹೊಸದೇನಲ್ಲ. ಆದರೆ ಗಾಣಿಗರ ಕಸುಬನ್ನು ಒಬ್ಬ ರಸಾಯನ ವಿಜ್ಞಾನಿ ಇಷ್ಟು ಗೌರವದಿಂದ ಪರಿಶೀಲಿಸಿದ್ದು ಅಪರೂಪ.

1994ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಪ್ರಕಟಿಸಿದ ಭಾರತೀಯ ಆಹಾರದ ಇತಿಹಾಸ ಗ್ರಂಥ ಅವರಿಗೆ ವ್ಯಾಪಕ ಕೀರ್ತಿಯನ್ನು ತಂದಿತು. 1998ರಲ್ಲಿ ಆಹಾರದ ಐತಿಹಾಸಿಕ ನಿಘಂಟು ಪ್ರಕಟವಾಯಿತು. ಶಿವಕೋಟ್ಯಾಚಾರ್ಯರ ವಡ್ಡಾರಾಧನೆ, ಚಾವುಂಡರಾಯನ ಲೋಕೋಪಕಾರ, ಕಲ್ಯಾಣದ ಚಾಲುಕ್ಯ ದೊರೆ ಸೋಮೇಶ್ವರನ ಮಾನಸೋಲ್ಲಾಸ, ಮಂಗರಸನ ಸೂಪಶಾಸ್ತ್ರ ಮುಂತಾದ ಈ ನಾಡಿನ ಕೃತಿಗಳು ಆ ಗ್ರಂಥಗಳ ಮೂಲಕ ಹೊರಗಿನ ಓದುಗರಿಗೆ ತಲುಪಿದವು. ಅವರ ಎಲ್ಲ ಅಭಿಪ್ರಾಯಗಳೂ ಪ್ರಶ್ನಾತೀತವಲ್ಲ. ಇಡ್ಲಿಯನ್ನು ಹಬೆಯಲ್ಲಿ ಬೇಯಿಸುವ ಕ್ರಮ ಇಂಡೋನೇಷ್ಯಾದ ಕಡೆಯಿಂದ ಬಂದಿರಬಹುದೆಂಬ ಅವರ ಊಹೆಗೆ ಖಚಿತ ಆಧಾರ ದೊರೆತಿಲ್ಲ. ತೆಂಗಿನ ಮೂಲದ ಬಗ್ಗೆಯೂ ತಿಳಿವಳಿಕೆ ಮುಂದುವರಿದಿದೆ. ಕಡಲಾಚೆಯ ಪೂರ್ವ ದ್ವೀಪಗಳಿಂದ ಮಾತ್ರ ತೆಂಗು ಬಂದಿತೆಂಬ ಹಳೆಯ ಎಣಿಕೆಗೆ ಬದಲಾಗಿ, ಶಾಂತ ಸಾಗರದ ಒಂದು ಹಾಗೂ ಹಿಂದೂ ಮಹಾಸಾಗರದ ಒಂದು, ಹೀಗೆ ಎರಡು ಪ್ರತ್ಯೇಕ ವಂಶಗಳಿವೆಯೆಂದು 2011ರಲ್ಲಿ ಪ್ರಕಟವಾದ ತಳಿಶಾಸ್ತ್ರದ ಅಧ್ಯಯನ ತೋರಿಸಿದೆ.

ಡಾ. ಅಚ್ಚಯ್ಯನವರು 2002ರ ಸೆಪ್ಟೆಂಬರಿನಲ್ಲಿ ನಿಧನರಾದರು. ಅವರ ಬರಹಗಳನ್ನು ಆಧರಿಸಿದ ಸಚಿತ್ರ ಆವೃತ್ತಿ 2009ರಲ್ಲಿ ಪ್ರಕಟವಾಯಿತು.

ಕೊಬ್ಬರಿ ಎಣ್ಣೆಯ ವರದಿಯನ್ನು ಓದುವ ಬಗೆ

ಅರ್ಜಿದಾರರ ಉಪಯೋಗಕ್ಕಾಗಿ, ಆರಂಭದಲ್ಲಿ ಹೇಳಿದ ವರದಿಯ ಅಂಕಿಗಳನ್ನು ಇಲ್ಲಿ ವಿವರಿಸಲಾಗಿದೆ. ಅಯೋಡಿನ್ ಮೌಲ್ಯವು 100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ನನ್ನು ಹೀರುತ್ತದೆ ಎಂಬುದನ್ನು, ಅಂದರೆ ಜೋಡಿಬಂಧಗಳ ಪ್ರಮಾಣವನ್ನು ಸೂಚಿಸುತ್ತದೆ. ಕೊಬ್ಬರಿ ಎಣ್ಣೆಗೆ ಇದು 7.5ರಿಂದ 10ರ ನಡುವೆ ಇರತಕ್ಕದ್ದು. ಸಾಬೂನೀಕರಣ ಮೌಲ್ಯ 250ಕ್ಕಿಂತ ಕಡಿಮೆ ಇರಬಾರದು. ಗಿಡ್ಡ ಸರಪಳಿಯ ಆಮ್ಲಗಳು ಹೆಚ್ಚಿದ್ದಷ್ಟೂ ಈ ಅಂಕಿ ಏರುತ್ತದೆ.

ಅಯೋಡಿನ್ ಮೌಲ್ಯ 8.5 ಇರುವ ಎಣ್ಣೆಗೆ ಶೇ. 10ರಷ್ಟು ತಾಳೆ ಎಣ್ಣೆ ಬೆರೆತರೆ, ತಾಳೆ ಎಣ್ಣೆಯ ಮೌಲ್ಯ 50ರ ಆಸುಪಾಸಿನಲ್ಲಿರುವುದರಿಂದ, ಮಿಶ್ರಣದ ಮೌಲ್ಯ 12ನ್ನು ದಾಟಿ ತಕ್ಷಣ ಸಿಕ್ಕಿಬೀಳುತ್ತದೆ. ಆದರೆ ತಾಳೆಯ ತಿರುಳಿನ ಎಣ್ಣೆಯೂ ಲಾರಿಕ್ ಆಮ್ಲ ಪ್ರಧಾನವಾದುದು, ಅದರ ಅಯೋಡಿನ್ ಮೌಲ್ಯ 18ರ ಆಸುಪಾಸಿನಲ್ಲಿರುತ್ತದೆ. ಅದನ್ನು ಶೇ. 10ರಷ್ಟು ಬೆರೆಸಿದರೆ ಮಿಶ್ರಣದ ಮೌಲ್ಯ 9.5ರೊಳಗೇ ಉಳಿದು ಪರೀಕ್ಷೆಯಲ್ಲಿ ಪಾಸಾಗುತ್ತದೆ. ಅಂತಹ ಸಂದರ್ಭದಲ್ಲಿ ಅನಿಲ ಕ್ರೊಮ್ಯಾಟೊಗ್ರಫಿಯಿಂದ ಆಮ್ಲಗಳ ಪೂರ್ಣ ಲೆಕ್ಕವನ್ನೇ ತೆಗೆದು, ಕ್ಯಾಪ್ರಿಲಿಕ್ ಮತ್ತು ಕ್ಯಾಪ್ರಿಕ್ ಆಮ್ಲಗಳು ಇಳಿದಿವೆಯೇ, ಓಲಿಯಿಕ್ ಆಮ್ಲ ಏರಿದೆಯೇ ಎಂದು ನೋಡಬೇಕಾಗುತ್ತದೆ. ಅಪ್ಪಟ ಕೊಬ್ಬರಿ ಎಣ್ಣೆಯಲ್ಲಿಯೇ ಈ ಪ್ರಮಾಣಗಳು ತಳಿ ಮತ್ತು ಕಾಯಿಯ ಬಲಿತಿಗೆ ಅನುಸಾರವಾಗಿ ವ್ಯತ್ಯಾಸವಾಗುವುದರಿಂದ, ಸ್ವಲ್ಪ ಪ್ರಮಾಣದ ಬೆರಕೆಯನ್ನು ಆಗಲೂ ಖಚಿತವಾಗಿ ಹೇಳುವುದು ಸುಲಭವಲ್ಲ. ಎಮ್ಮೆಯ ತುಪ್ಪದಲ್ಲಿ ಎದುರಾದ ತೊಡಕೇ ಇಲ್ಲಿಯೂ ಎದುರಾಗುತ್ತದೆ.

ಆಮ್ಲ ಮೌಲ್ಯದ ವಿಷಯ ಬೇರೆ. ಇದು ಬೆರಕೆಯನ್ನು ಸೂಚಿಸುವುದಿಲ್ಲ, ಕೊಬ್ಬರಿಯನ್ನು ಇಟ್ಟ ರೀತಿಯನ್ನು ಸೂಚಿಸುತ್ತದೆ. ಕೊಬ್ಬರಿ ಚೆನ್ನಾಗಿ ಒಣಗದಿದ್ದರೆ ಅದರ ಮೇಲೆ ಬೂಷ್ಟು ಬೆಳೆಯುತ್ತದೆ. ಬೂಷ್ಟಿನ ಕಿಣ್ವಗಳು ಕೊಬ್ಬನ್ನು ಒಡೆದು ಆಮ್ಲಗಳನ್ನು ಬಿಡುಗಡೆ ಮಾಡುತ್ತವೆ, ಎಣ್ಣೆ ಮುಗ್ಗುವಾಸನೆ ಹಿಡಿಯುತ್ತದೆ. ನಿಯಮದಂತೆ ಈ ಮೌಲ್ಯ 6ನ್ನು ಮೀರುವಂತಿಲ್ಲ. ಬಲಿತ ಕಾಯನ್ನು ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಇಟ್ಟು, ಒಳಗಿನ ನೀರು ಇಂಗಿ, ಅಲುಗಾಡಿಸಿದಾಗ ಉಂಡೆ ಸದ್ದು ಮಾಡುವವರೆಗೆ ಕಾಯುವ ತಿಪಟೂರು ಸೀಮೆಯ ಕ್ರಮದಲ್ಲಿ, ತಿರುಳು ಚಿಪ್ಪಿನೊಳಗೇ ಒಣಗುವುದರಿಂದ ಬೂಷ್ಟಿಗೆ ಅವಕಾಶ ಕಡಿಮೆ. ಮಳೆಗಾಲದಲ್ಲಿ ಒಡೆದು ಒಣಗಿಸುವ ಹೋಳು ಕೊಬ್ಬರಿಗೆ ಈ ರಕ್ಷಣೆ ಇರುವುದಿಲ್ಲವಾದುದರಿಂದ, ಗಾಣಕ್ಕೆ ಹಾಕುವ ಮುನ್ನ ಪ್ರತಿ ಹೋಳಿನ ಒಳಮೈಯನ್ನು ಪರಿಶೀಲಿಸಿ, ಹಸಿರು ಅಥವಾ ಕಪ್ಪು ಕಲೆ ಇರುವವನ್ನು ಬೇರ್ಪಡಿಸತಕ್ಕದ್ದು.